ಶಬರಿಯ ನಿರೀಕ್ಷಣೆ: ವಾಲ್ಮೀಕಿಯಲ್ಲಿಯೂ ಅನಂತರದ ಕವಿಗಳಲ್ಲಿಯೂ

ರಾಮಕಥೆಯನ್ನು ಬಲ್ಲವರಿಗೆಲ್ಲ ಶಬರಿಯೆಂದೊಡನೆ ನೆನಪಿಗೆ ಬರುವುದು ಎರಡು ಸಂಗತಿಗಳು: ಒಂದು, ಅವಳು ಜೀವಮಾನವೆಲ್ಲ ರಾಮನ ದಾರಿಯನ್ನು ನೋಡುತ್ತ ಕುಳಿತಿದ್ದಳೆಂಬುದು, ಇನ್ನೊಂದು, ಅವನಿಗೆ ಕೊಡುವ ಹಣ್ಣನ್ನು ತಾನು ಕಚ್ಚಿ ರುಚಿನೋಡಿ ಕೊಟ್ಟಳೆಂಬುದು. ಹರಿಕಥೆಗಳಲ್ಲಿಯೂ ಮಕ್ಕಳ ಪುಸ್ತಕಗಳಲ್ಲಿಯೂ ಈ ಎರಡೂ ಎಷ್ಟು ಬೇರೂರಿಹೋಗಿವೆಯೆಂದರೆ, ಮೂಲವನ್ನು ತೆರೆದು ನೋಡಿದವನಿಗೆ ಮೊದಲು ಆಗುವುದು ಆಶ್ಚರ್ಯ. ವಾಲ್ಮೀಕಿಯಲ್ಲಿ ರುಚಿನೋಡಿದ ಹಣ್ಣಿನ ಮಾತೇ ಇಲ್ಲ. ನಿರೀಕ್ಷಣೆಯ ಮಾತು ಉಂಟು. ಆದರೆ ಅದು ಜನರು ತಿಳಿದಿರುವ ಬಗೆಯದಲ್ಲ. ಮೊದಲನೆಯ ವ್ಯತ್ಯಾಸವನ್ನು ಪಂಡಿತರು ಎಷ್ಟೋ ಸಲ ಎತ್ತಿ ತೋರಿಸಿದ್ದಾರೆ. ಎರಡನೆಯದರ ಕಡೆಗೆ ಅಷ್ಟು ಗಮನ ಹೋದಂತೆ ತೋರುವುದಿಲ್ಲ. ಸಹನೆ, ದೇವರಲ್ಲಿ ಭರವಸೆ ಎಂಬ ಮಾತುಗಳಿಗೆ ಶಬರಿಯನ್ನೇ ದೃಷ್ಟಾಂತವಾಗಿ ಕೊಡುವ ರೂಢಿಯಿರುವುದರಿಂದ, ಆ ಸಹನೆಯ ಸ್ವರೂಪವೇನೆಂಬುದನ್ನು ಮೂಲದಿಂದಲೇ ವಿಚಾರಿಸುವುದು ಯುಕ್ತ.

ಪ್ರಸಂಗವು ಚಿಕ್ಕದು. ರೂಢಿಯ ಪಾಠದಲ್ಲಿ ಅರಣ್ಯಕಾಂಡದ 74ನೆಯ ಸರ್ಗ, ಬರೋಡೆಯ ಪರಿಷ್ಕೃತ ಆವೃತ್ತಿಯಲ್ಲಿ 70ನೆಯ ಸರ್ಗ. ದೀರ್ಘವಾದ ಪಾಠದಲ್ಲಿಯೂ ಶ್ಲೋಕಗಳು 35ಕ್ಕೆ ಸಮೀಪವಾದವು ಮಾತ್ರ. ಇದಕ್ಕೆ ಪೀಠಿಕೆಯಾಗಿ ಹಿಂದಿನ ಸರ್ಗದಲ್ಲಿ ಕಬಂಧನು ರಾಮನಿಗೆ ಪಂಪೆಯ ದಾರಿಯನ್ನು ಹೇಳುವ ಮಾತುಗಳಿವೆ. ಈ ಎರಡನ್ನೂ ಕೂಡಿಸಿ ಓದದಿದ್ದರೆ ಶಬರಿಯ ಚಿತ್ರವು ಅರ್ಧವೇ ಕಾಣುವುದು.

ಮೊದಲು ಕಾಲದ ಲೆಕ್ಕವನ್ನು ನೋಡಬೇಕು. ತಾನು ಸೇವಿಸುತ್ತಿದ್ದ ಮಹರ್ಷಿಗಳು, ರಾಮನು ಚಿತ್ರಕೂಟಕ್ಕೆ ಬಂದ ಸಮಯದಲ್ಲಿ ವಿಮಾನಗಳನ್ನೇರಿ ದಿವಕ್ಕೆ ಹೋದರೆಂದು ಶಬರಿಯೇ ಹೇಳುತ್ತಾಳೆ. ಹೋಗುವಾಗ ಅವರು ಅವಳಿಗೆ, ರಾಮನು ಈ ಆಶ್ರಮಕ್ಕೆ ಬರುವನು, ಲಕ್ಷ್ಮಣನೊಡನೆ ಅವನನ್ನು ಅತಿಥಿಯಾಗಿ ಬರಮಾಡಿಕೊಳ್ಳಬೇಕು, ಅವನನ್ನು ಕಂಡಮೇಲೆ ನೀನು ಅಕ್ಷಯವಾದ ಲೋಕಗಳಿಗೆ ಹೋಗುವೆ ಎಂದು ತಿಳಿಸಿರುತ್ತಾರೆ. ರಾಮನು ಚಿತ್ರಕೂಟವನ್ನು ಸೇರಿದ್ದು ವನವಾಸದ ಆರಂಭದಲ್ಲಿ. ಅಲ್ಲಿಂದ ಹೊರಟಮೇಲೆ ದಂಡಕಾರಣ್ಯದ ಋಷಿಗಳ ಆಶ್ರಮಗಳಲ್ಲಿ ಒಂದರಿಂದೊಂದಕ್ಕೆ ಹೋಗುತ್ತ ಅವನು ಹತ್ತು ವರ್ಷಗಳನ್ನು ಕಳೆದನೆಂದು ಅದೇ ಕಾಂಡದಲ್ಲಿದೆ. ಅನಂತರ ಅಗಸ್ತ್ಯದರ್ಶನ, ಪಂಚವಟಿ, ಸೀತಾಪಹರಣ. ಆದುದರಿಂದ ಶಬರಿಯು ಕಾದದ್ದು ಹತ್ತು ವರ್ಷಕ್ಕೆ ಮೇಲೆ, ಹದಿನಾಲ್ಕು ವರ್ಷಕ್ಕೆ ಒಳಗೆ. ಜೀವಮಾನವೆಲ್ಲ ಕಾದಳೆಂಬ ಪ್ರಸಿದ್ಧಿಗೆ ಈ ಪ್ರಸಂಗದಲ್ಲಿ ಆಧಾರವಿಲ್ಲ. ಅವಳು ವೃದ್ಧೆ ಎಂಬುದು ನಿಜ, ಕಬಂಧನು ಅವಳನ್ನು ಚಿರಜೀವಿನಿ ಎಂದು ಕರೆಯುವುದೂ ನಿಜ. ಆದರೆ ಆ ದೀರ್ಘಾಯುಸ್ಸಿನ ಬಹುಭಾಗವು ಕಳೆದದ್ದು ಗುರುಗಳ ಪರಿಚರ್ಯೆಯಲ್ಲಿ, ರಾಮನ ನಿರೀಕ್ಷಣೆಯಲ್ಲಿ ಅಲ್ಲ.

ಇದು ಬರಿಯ ಲೆಕ್ಕದ ವಿಷಯವೆಂದು ತಳ್ಳಿಬಿಡುವಂತಿಲ್ಲ. ಅವಧಿಯನ್ನು ಕವಿಯೂ ಬಲ್ಲ, ಕಥೆಯನ್ನು ಮೊದಲಿನಿಂದ ಓದಿಬಂದ ವಾಚಕನೂ ಬಲ್ಲ. ಬಲ್ಲದವಳು ಶಬರಿ ಒಬ್ಬಳೆ. ಗುರುಗಳು ಅವಳಿಗೆ ಬರುವವನ ಹೆಸರನ್ನು ಹೇಳಿದರು, ಬರುವ ಸ್ಥಳವನ್ನು ಹೇಳಿದರು, ಬಂದಾಗ ಮಾಡತಕ್ಕ ಕೆಲಸವನ್ನು ಹೇಳಿದರು. ಯಾವಾಗ ಎಂಬುದನ್ನು ಮಾತ್ರ ಹೇಳಲಿಲ್ಲ. ಬರತಕ್ಕವನಾದರೋ ಆ ಕಾಲದಲ್ಲಿ ಅವಳಿರುವುದನ್ನೇ ಅರಿಯನು. ಅವನು ಬೇರೆಬೇರೆ ಆಶ್ರಮಗಳಲ್ಲಿ ಎಲ್ಲಿ ಹತ್ತು ತಿಂಗಳು, ಎಲ್ಲಿ ಒಂದು ವರ್ಷ ಎಂದು ನೆಮ್ಮದಿಯಾಗಿ ಇದ್ದುಕೊಂಡು ಬರುತ್ತಿದ್ದಾನೆ. ಪಂಪೆಯ ಕಡೆಗೆ ಅವನನ್ನು ಕರೆತಂದದ್ದಾದರೂ ಏನು? ಸೀತೆಯನ್ನು ಕಳೆದುಕೊಂಡ ದುಃಖ. ಅವಳಿಗೆ ಕೊಟ್ಟ ಮಾತು ನೆರವೇರಿದ್ದು ಅವನ ವಿಪತ್ತಿನ ಮೂಲಕ. ಕವಿಯು ಇದನ್ನು ಎತ್ತಿ ಹೇಳುವುದಿಲ್ಲ. ಹೇಳಿದ್ದರೆ ಬಹುಶಃ ಕೆಡುತ್ತಿತ್ತು.

ಇಷ್ಟು ಕಾಲ ಅವಳು ಏನು ಮಾಡುತ್ತಿದ್ದಳು? ಬಾಗಿಲಲ್ಲಿ ಕುಳಿತು ಕಣ್ಣೀರಿಟ್ಟಳೆಂದು ವಾಲ್ಮೀಕಿಯು ಎಲ್ಲಿಯೂ ಹೇಳುವುದಿಲ್ಲ. ನಿನಗಾಗಿ ಪಂಪಾತೀರದಲ್ಲಿ ದೊರೆಯುವ ನಾನಾ ವಿಧವಾದ ವನ್ಯವನ್ನು ಸಂಚಯಿಸಿಟ್ಟಿದ್ದೇನೆಂದು ಅವಳು ರಾಮನಿಗೆ ಅರಿಕೆಮಾಡುತ್ತಾಳೆ, ಅಷ್ಟೆ. ಇಲ್ಲಿ ಎರಡು ಶಬ್ದಗಳ ಮೇಲೆ ನಿಂತು ನೋಡಬೇಕು. ಒಂದು ‘ಸಂಚಿತ’ ಎಂಬುದು. ಒಂದು ದಿನದಲ್ಲಿ ಕಿತ್ತುತಂದುದಕ್ಕಿಂತ, ದಿನದಿನವೂ ಸ್ವಲ್ಪಸ್ವಲ್ಪವಾಗಿ ಕೂಡಿಸಿದುದಕ್ಕೆ ಈ ಶಬ್ದವು ಹೆಚ್ಚು ಒಪ್ಪುವುದು. ಇನ್ನೊಂದು ‘ವನ್ಯ’ ಎಂಬುದು. ಇದೇ ಶಬ್ದವು ಹಿಂದಿನ ಸರ್ಗದಲ್ಲಿ ಕಬಂಧನ ಬಾಯಲ್ಲಿ ಬಂದಿದೆ. ಮತಂಗನ ಶಿಷ್ಯರು ಗುರುವಿಗಾಗಿ ವನ್ಯವನ್ನು ಹೊತ್ತು ತರುತ್ತಿದ್ದಾಗ, ಹೊರೆಯ ಶ್ರಮದಿಂದ ಅವರ ಮೈಯಿಂದ ನೆಲಕ್ಕೆ ಬಿದ್ದ ಬೆವರಿನ ಹನಿಗಳೇ ಹೂಗಳಾದುವು. ಬೆವರಿನಿಂದ ಹುಟ್ಟಿದ ಆ ಹೂಗಳು ಎಂದಿಗೂ ಬಾಡುವುದಿಲ್ಲ ಎಂದು ಅವನು ಹೇಳುತ್ತಾನೆ. ಕಲ್ಪನೆಯು ಎಷ್ಟು ಅಪೂರ್ವವಾದುದು! ತಪೋವನದ ವರ್ಣನೆಗಳಲ್ಲಿ ಹೋಮಧೂಮ, ವೇದಘೋಷ, ವೈರವನ್ನು ಮರೆತ ಮೃಗಗಳು ಎಲ್ಲ ಕವಿಗಳಲ್ಲಿಯೂ ಬರುವುವು. ಬೆವರು ಬರುವುದು ವಿರಳ. ಶಿಷ್ಯರು ಗುರುವಿಗಾಗಿ ಹೊತ್ತದ್ದು ವನ್ಯ, ಅವರೆಲ್ಲ ಹೊರಟುಹೋದಮೇಲೆ ಮುದುಕಿಯೊಬ್ಬಳು ಬರಲಿರುವ ಅತಿಥಿಗಾಗಿ ಕೂಡಿಟ್ಟದ್ದೂ ವನ್ಯ. ಆಶ್ರಮದಲ್ಲಿ ಮೊದಲಿನಿಂದ ನಡೆದುಬಂದ ಕೆಲಸವನ್ನೇ ಅವಳು ಮುಂದುವರಿಸಿದಳು. ನಿರೀಕ್ಷಣೆಗೆಂದು ಅವಳು ಹೊಸದೊಂದು ವ್ರತವನ್ನು ಹಿಡಿದಂತೆ ಕಾಣುವುದಿಲ್ಲ.

ಅವಳು ರಾಮನಿಗೆ ಆಶ್ರಮವನ್ನು ಸುತ್ತಿ ತೋರಿಸುವ ಭಾಗವು ಪ್ರಸಂಗದ ಹೃದಯ. ನಡುಗುವ ಕೈಗಳಿಂದ ಮುನಿಗಳು ಪುಷ್ಪಗಳನ್ನು ಅರ್ಪಿಸುತ್ತಿದ್ದ ವೇದಿ ಇದು. ಉಪವಾಸದಿಂದ ಬಳಲಿ ನಡೆಯಲಾರದೆ ಹೋದ ಅವರು ಮನಸ್ಸಿನಲ್ಲಿ ನೆನೆದಮಾತ್ರಕ್ಕೆ ಬಂದು ಸೇರಿದ ಏಳು ಸಮುದ್ರಗಳು ಇವು. ಸ್ನಾನಮಾಡಿ ಮರಗಳ ಮೇಲೆ ಹರವಿದ ಅವರ ನಾರುಮಡಿಗಳು ಇನ್ನೂ ಒಣಗಿಲ್ಲ. ದೇವಕಾರ್ಯಕ್ಕೆಂದು ಕನ್ನೈದಿಲೆಗಳೊಡನೆ ಕಟ್ಟಿದ ಮಾಲೆಗಳು ಇನ್ನೂ ಬಾಡಿಲ್ಲ. ಹನ್ನೆರಡು ಹದಿಮೂರು ವರ್ಷಗಳು ಕಳೆದಿವೆ, ಬಟ್ಟೆಗಳು ಒದ್ದೆಯಾಗಿವೆ. ಇದು ಋಷಿಗಳ ತಪಃಪ್ರಭಾವವೆಂದೇ ಪ್ರಸಂಗದ ನೇರವಾದ ಅರ್ಥ, ಸಂದೇಹವಿಲ್ಲ. ಆದರೂ ತೋರಿಸುವವಳು ಯಾರೆಂಬುದನ್ನು ಮರೆಯಬಾರದು. ಗುರುಗಳು ಈಗತಾನೇ ಮಿಂದು ಎದ್ದುಹೋದರೋ ಎಂಬಂತೆ ಆ ಸ್ಥಳವು ಅವಳ ಕಣ್ಣಿಗೆ ಕಾಣುತ್ತಿರುವುದರಿಂದಲೇ ಅವಳಿಗೆ ಕಾಲವು ಭಾರವಾಗಲಿಲ್ಲ. ಒಣಗದ ನಾರುಮಡಿಯು ಪವಾಡವೂ ಹೌದು, ಅವಳ ಮನಃಸ್ಥಿತಿಗೆ ಕವಿಯು ಕಂಡುಕೊಂಡ ಪ್ರತಿಮೆಯೂ ಹೌದು. ಎರಡನ್ನೂ ಒಂದೇ ವಾಕ್ಯದಲ್ಲಿ ಸಾಧಿಸುವುದು ವಾಲ್ಮೀಕಿಯ ಹದ.

ಶಬರಿಯ ಸಹನೆಯನ್ನು ಕೆಳಗಿನವರ ವಿಧೇಯತೆಯೆಂದು, ಕಾದುಕೊಂಡಿರುವುದೇ ನಿಮ್ಮ ಧರ್ಮವೆಂದು ಅವರಿಗೆ ಹೇಳಿಕೊಟ್ಟ ಪಾಠವೆಂದು ಆಕ್ಷೇಪಿಸುವುದು ಸಾಧ್ಯ. ಆ ಆಕ್ಷೇಪಕ್ಕೆ ಅನಂತರದ ಕಥನಗಳಲ್ಲಿ ಆಸ್ಪದವುಂಟು, ವಾಲ್ಮೀಕಿಯಲ್ಲಿ ಕಡಮೆ. ಅವಳು ಶ್ರಮಣಿ, ಸಿದ್ಧೆ. ವಿಜ್ಞಾನದಿಂದ ಎಂದೂ ಹೊರಗಿಡಲ್ಪಡದವಳು ಎಂಬ ವಿಶೇಷಣವನ್ನು ಕವಿಯು ಅವಳಿಗೆ ಕೊಟ್ಟಿದ್ದಾನೆ. ಹೊರಗಿಡುವ ರೂಢಿಯೊಂದು ಇದ್ದುದರಿಂದಲೇ ಈ ನಿಷೇಧಾರ್ಥಕ ಶಬ್ದವು ಬೇಕಾಯಿತೆಂದು ಊಹಿಸಬಹುದು. ಅವಳು ವಿಧಿಯನ್ನನುಸರಿಸಿ ಪಾದ್ಯವನ್ನೂ ಆಚಮನೀಯವನ್ನೂ ಕೊಟ್ಟಳು; ರಾಮನು ಸ್ವೀಕರಿಸಿ, ತಪಸ್ಸು ಬೆಳೆಯುತ್ತಿದೆಯೆ, ಕೋಪವು ಹತೋಟಿಯಲ್ಲಿದೆಯೆ, ಮನಸ್ಸಿಗೆ ಸುಖವುಂಟೆ, ಗುರುಶುಶ್ರೂಷೆಯು ಸಫಲವಾಯಿತೆ ಎಂದು ತಪಸ್ವಿನಿಯನ್ನು ಕೇಳತಕ್ಕ ಪ್ರಶ್ನೆಗಳನ್ನು ಕೇಳಿದನು. ಅವಳು ಆತಿಥೇಯೆ, ಅವನು ಅತಿಥಿ. ಅವಳು ತೋರಿಸುತ್ತಾಳೆ, ಅವನು ನೋಡುತ್ತಾನೆ.

ಈ ಸಂಬಂಧವು ಮುಂದೆ ತಿರುಗಿಬಿಟ್ಟಿತು. ಅಧ್ಯಾತ್ಮರಾಮಾಯಣದಲ್ಲಿ ಶಬರಿಯು ತಾನು ಹೀನಜಾತಿಯವಳೆಂದು ಸಂಕೋಚಪಡುತ್ತಾಳೆ. ರಾಮನು ಗಂಡು ಹೆಣ್ಣು ಜಾತಿ ಎಂಬ ಭೇದಗಳು ಭಜನೆಗೆ ಕಾರಣವಲ್ಲ, ಭಕ್ತಿಯೊಂದೇ ಕಾರಣವೆಂದು ಸಮಾಧಾನಮಾಡಿ, ಭಕ್ತಿಯ ಒಂಬತ್ತು ಸಾಧನಗಳನ್ನು ಉಪದೇಶಿಸುತ್ತಾನೆ. ಮಾತು ಉದಾರವಾದದ್ದು, ಸಂಶಯವಿಲ್ಲ. ಆದರೆ ಆಶ್ರಮವನ್ನು ತೋರಿಸುತ್ತಿದ್ದವಳು ಈಗ ಪಾಠವನ್ನು ಕೇಳುವವಳಾದಳು. ಕಾದ ವರ್ಷಗಳಲ್ಲಿ ಅವಳು ತಾನೇ ಕಲಿತದ್ದೇನೆಂಬ ಪ್ರಶ್ನೆಯು ಹಿಂದಕ್ಕೆ ಸರಿಯಿತು. 1574ರಲ್ಲಿ ಆರಂಭವಾದ ತುಲಸೀದಾಸನ ರಾಮಚರಿತಮಾನಸವು ಇದೇ ಜಾಡಿನಲ್ಲಿ ನಡೆಯುತ್ತದೆ. ಅದರಲ್ಲಿಯೂ ಕಂದಮೂಲಫಲಗಳ ಅರ್ಪಣೆಯಿದೆ, ರುಚಿನೋಡುವುದಿಲ್ಲ, ಒಂಬತ್ತು ಭಕ್ತಿಗಳ ಉಪದೇಶವಿದೆ. ಆದರೆ ಎರಡು ಪಟ್ಟಿಗಳೂ ಒಂದೇ ಅಲ್ಲ. ಅಧ್ಯಾತ್ಮರಾಮಾಯಣದಲ್ಲಿ ಒಂಬತ್ತನೆಯದು ತತ್ತ್ವವಿಚಾರ. ತುಲಸೀದಾಸನು ಅಲ್ಲಿ ಸರಳತೆಯನ್ನೂ ನಿಷ್ಕಪಟವಾದ ನಡತೆಯನ್ನೂ ಇಟ್ಟು, ಹರ್ಷದೈನ್ಯಗಳಿಲ್ಲದೆ ಹೃದಯದಲ್ಲಿ ತನ್ನನ್ನು ನಂಬಿರುವುದನ್ನು ರಾಮನ ಬಾಯಿಂದ ಹೇಳಿಸಿದ್ದಾನೆ. ಅದಕ್ಕೆ ಅವನು ಬಳಸಿದ ಶಬ್ದವು ‘ಭರೋಸ’. ಅದರ ಎಂಟನೆಯದು ದೊರೆತುದರಲ್ಲಿ ಸಂತೋಷ. ತತ್ತ್ವವಿಚಾರದ ಸ್ಥಾನದಲ್ಲಿ ಭರವಸೆಯನ್ನು ತಂದದ್ದು ಸಾಮಾನ್ಯವಾದ ಬದಲಾವಣೆಯಲ್ಲ. ಎದುರಿಗೆ ನಿಂತ ಮುದುಕಿಯನ್ನು ನೋಡಿ ಬರೆದಂತಿದೆ ಈ ಪಟ್ಟಿ. ಉಪದೇಶವೆಂಬ ರೂಪದಲ್ಲಿದ್ದರೂ ಅದು ನಿಜವಾಗಿ ಅವಳ ವರ್ಣನೆ. ಇದು ತುಲಸೀದಾಸನ ಹೃದಯಜ್ಞತೆ. ಮೂಲದಿಂದ ದೂರಸರಿದೂ ಅವನು ಮೂಲದ ಮರ್ಮವನ್ನು ಬಿಟ್ಟುಕೊಡಲಿಲ್ಲ.

ರುಚಿನೋಡಿದ ಹಣ್ಣಿನ ಕಥೆಯು ಭಕ್ತಮಾಲೆಗೆ ಪ್ರಿಯಾದಾಸನು 1712ರಲ್ಲಿ ಬರೆದ ಟೀಕೆಯಲ್ಲಿ ವಿಸ್ತಾರವಾಗಿ ಬರುತ್ತದೆ. ಅದರ ಸೊಗಸನ್ನು ಅಲ್ಲಗಳೆಯಬೇಕಾದ್ದಿಲ್ಲ. ಎಂಜಲೆಂಬ ಭಾವನೆಯನ್ನು ಪ್ರೇಮವು ಮರೆಸಿತೆಂಬುದು ಜನಹೃದಯವನ್ನು ಸೆರೆಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರಿಂದ ಪ್ರಸಂಗದ ತೂಕವೆಲ್ಲ ಆಗಮನದ ಒಂದು ಕ್ಷಣಕ್ಕೆ ಸರಿದುಹೋಯಿತು. ಕೂಡಿಸಿಟ್ಟ ವರ್ಷಗಳು ಮರೆಯಾಗಿ, ಕಚ್ಚಿದ ಹಣ್ಣು ಉಳಿಯಿತು.

ಕನ್ನಡದಲ್ಲಿ ಈಚಿನ ಕಾಲದಲ್ಲಿ ಶಬರಿಯನ್ನು ಮನೆಮಾತಾಗಿ ಮಾಡಿದ ಕೃತಿಯೆಂದರೆ ವಿ. ಸೀತಾರಾಮಯ್ಯನವರ (1899–1983) ‘ಶಬರಿ’ ಎಂಬ ಗೀತ. ಅದು ಆಗಮನದ ಕಡೆಗೆ ಹೋಗದೆ ಕಾಯುವಿಕೆಯಲ್ಲಿಯೇ ನಿಲ್ಲುತ್ತದೆ. ಗಾಳಿಗೆ ಎಲೆ ಅಲುಗಿದರೂ ಹೆಜ್ಜೆಯ ಸಪ್ಪಳವೆಂದು ಬಗೆದು ಕಿವಿಗೊಡುವ ಶಬರಿ ಅಲ್ಲಿಯವಳು. ಕಾಯುವವರ ಕಿವಿಯನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದ ಬೇರೆ ಗೀತಗಳು ಕನ್ನಡದಲ್ಲಿ ಹೆಚ್ಚಿಲ್ಲ. ಕೊನೆಯಲ್ಲಿ ಕವಿಯು ಒಬ್ಬಳ ಕರೆಯನ್ನು ಜನವೆಲ್ಲದರ ಯುಗಯುಗದ ಕರೆಯನ್ನಾಗಿ ವಿಸ್ತರಿಸುತ್ತಾರೆ. ಗುಣವನ್ನು ಹೇಳಿದಮೇಲೆ ಕೊರತೆಯನ್ನೂ ಹೇಳಬೇಕು. ವಾಲ್ಮೀಕಿಯ ಶಬರಿಗೆ ಎಲೆಯ ಸಪ್ಪಳಕ್ಕೆ ಬೆಚ್ಚುವ ಅವಶ್ಯಕತೆಯಿಲ್ಲ. ಅವಳ ಬಳಿ ಗುರುಗಳ ಮಾತು ಇದೆ. ಗೀತದ ಶಬರಿಗೆ ಉಳಿದಿರುವುದು ಹಂಬಲವೊಂದೇ. ಆದುದರಿಂದ ಅಲ್ಲಿ ತವಕವು ಹೆಚ್ಚಿದೆ, ನೆಮ್ಮದಿ ಕಡಮೆಯಾಗಿದೆ. ಮಾತು ಕೊಡುವ ಗುರುವು ಕಣ್ಣಿಗೆ ಕಾಣದ ಕಾಲದಲ್ಲಿ ಬಾಳುವ ಜನರಿಗೆ ಈ ಎರಡನೆಯ ಶಬರಿಯೇ ಹತ್ತಿರದವಳೆಂದು ವಾದಿಸಬಹುದು, ವಾದದಲ್ಲಿ ಹುರುಳಿಲ್ಲದಿಲ್ಲ. ಕುವೆಂಪು ಅವರು 1949ರಲ್ಲಿ ಪ್ರಕಟವಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಶಬರಿಗೆಂದು ಒಂದು ಸಂಚಿಕೆಯನ್ನೇ ಮೀಸಲಿಟ್ಟಿದ್ದಾರೆ. ಅದರ ವಿಚಾರವು ಪ್ರತ್ಯೇಕವಾದ ಲೇಖನಕ್ಕೆ ತಕ್ಕದ್ದು.

ಮೂಲಕ್ಕೆ ಹಿಂದಿರುಗಿದರೆ, ಶಬರಿಯ ನಿರೀಕ್ಷಣೆಯ ಬೆಲೆಯು ತಿಳಿಯುವುದು ಅವಳ ಸರ್ಗದಲ್ಲಿ ಮಾತ್ರವೇ ಅಲ್ಲ, ಅದರ ಹಿಂದುಮುಂದುಗಳಲ್ಲಿ. ಹತ್ತು ಸರ್ಗಗಳ ಹಿಂದೆ ರಾಮನು ಸೀತೆಯನ್ನು ಕಾಣದೆ ಲೋಕಗಳನ್ನೇ ನಾಶಮಾಡುವೆನೆಂದು ಬಿಲ್ಲನ್ನೆತ್ತಿದ್ದನು, ಲಕ್ಷ್ಮಣನು ಸಮಾಧಾನಪಡಿಸಬೇಕಾಯಿತು. ಶಬರಿಯನ್ನು ಕಂಡು ಹೊರಟಮೇಲೆ, ಅಶುಭವು ಕಳೆಯಿತು, ಮನಸ್ಸು ಈಗ ಹರ್ಷಗೊಂಡಿದೆ ಎಂದು ಅವನೇ ತಮ್ಮನಿಗೆ ಹೇಳುತ್ತಾನೆ. ಅವಳಿಂದ ಅವನಿಗೆ ಏನೋ ದೊರೆಯಿತೆಂಬುದು ಇದರಿಂದ ಸ್ಪಷ್ಟ. ಆದರೆ ದೊರೆತದ್ದು ಬಹುಕಾಲ ನಿಲ್ಲಲಿಲ್ಲವೆಂಬುದನ್ನೂ ಕವಿಯು ಮುಚ್ಚಿಡುವುದಿಲ್ಲ: ಕಿಷ್ಕಿಂಧಾಕಾಂಡದ ಮೊದಲ ಸರ್ಗದಲ್ಲಿಯೇ ಪಂಪೆಯ ವಸಂತವನ್ನು ಕಂಡು ಅವನು ಮತ್ತೆ ಗೋಳಿಡುತ್ತಾನೆ.

ಮುಂದೆ ಬರುವುದು ರಾಮನ ಕಾಯುವಿಕೆ. ವಾಲಿವಧೆಯಾದಮೇಲೆ ಅವನು ಸುಗ್ರೀವನಿಗೆ, ಇದು ಮಳೆಗಾಲದ ಮೊದಲ ತಿಂಗಳಾದ ಶ್ರಾವಣ, ಉದ್ಯೋಗಕ್ಕೆ ಸಮಯವಲ್ಲ, ಕಾರ್ತಿಕವು ಬಂದಾಗ ಪ್ರಯತ್ನಮಾಡು ಎಂದು ತಾನೇ ಅವಧಿಯನ್ನು ಗೊತ್ತುಮಾಡಿ ಪ್ರಸ್ರವಣಪರ್ವತದ ಗುಹೆಯಲ್ಲಿ ನೆಲಸುತ್ತಾನೆ. ಶಬರಿಗೆ ತಿಳಿಯದಿದ್ದ ಅವಧಿಯು ಅವನಿಗೆ ತಿಳಿದಿದೆ. ಅದೂ ನಾಲ್ಕೇ ತಿಂಗಳು. ಆದರೂ ಆ ನಾಲ್ಕು ತಿಂಗಳು ಅವನಿಗೆ ನೂರು ವರ್ಷಗಳಂತೆ ಕಳೆದುವು. ಶರತ್ಕಾಲವು ಬಂದು ಸುಗ್ರೀವನು ಬಾರದಿರಲು, ವಾಲಿಯು ಹೋದ ದಾರಿ ಇನ್ನೂ ಮುಚ್ಚಿಲ್ಲವೆಂಬ ಬೆದರಿಕೆಯನ್ನು ಲಕ್ಷ್ಮಣನೊಡನೆ ಕಳುಹಿಸುತ್ತಾನೆ. ಇಬ್ಬರೂ ಕಾದದ್ದು ಮತ್ತೊಬ್ಬರು ಕೊಟ್ಟ ಮಾತನ್ನು ನಂಬಿ. ಅವಳಿಗೆ ಮಾತು ಕೊಟ್ಟವರು ಕೈಗೆ ಸಿಕ್ಕದ ಲೋಕಕ್ಕೆ ಹೋಗಿದ್ದರು; ಅವನಿಗೆ ಮಾತು ಕೊಟ್ಟವನು ಹತ್ತಿರದ ಊರಿನಲ್ಲಿದ್ದನು. ಕಾಡಿನ ಮುದುಕಿಗಿದ್ದ ಸ್ಥೈರ್ಯವು ಅವತಾರಪುರುಷನಿಗೆ ಇಲ್ಲದೆಹೋಯಿತೆ ಎಂದು ಭಕ್ತರು ನೊಂದುಕೊಳ್ಳಬೇಕಾಗಿಲ್ಲ. ರಾಮನಿಗೆ ಆ ತಿಂಗಳುಗಳಲ್ಲಿ ಮಾಡಲು ಕೆಲಸವಿರಲಿಲ್ಲ. ಮಳೆಯನ್ನು ನೋಡುವುದಲ್ಲದೆ ಗತಿಯಿರಲಿಲ್ಲ. ಮಳೆಗಾಲದ ಅದ್ಭುತವಾದ ವರ್ಣನೆಯು ಹುಟ್ಟಿದ್ದು ಈ ಕೆಲಸವಿಲ್ಲದ ಕಣ್ಣಿನಿಂದ. ಶಬರಿಗೆ ದಿನವೂ ಕೆಲಸವಿತ್ತು.

ಕರ್ಣಾಟಕದ ಐತಿಹ್ಯವು ಈ ಎರಡು ಕಾಯುವಿಕೆಗಳನ್ನೂ ಒಂದೇ ನೋಟಕ್ಕೆ ಸಿಕ್ಕುವಂತೆ ಇರಿಸಿದೆ. ತುಂಗಭದ್ರೆಯ ಉತ್ತರದಲ್ಲಿ ಆನೆಗೊಂದಿಯ ಬಳಿ ಪಂಪಾಸರೋವರ, ಅಲ್ಲಿಯೇ ಶಬರಿಯ ಗುಹೆಯೆಂದು ತೋರಿಸುವ ಸ್ಥಳ. ದಕ್ಷಿಣದಲ್ಲಿ ಹಂಪೆಯ ಮತಂಗಪರ್ವತ. ಅದರ ಪೂರ್ವಕ್ಕೆ, ರಾಮನು ಮಳೆಗಾಲವನ್ನು ಕಳೆದನೆಂದು ಹೇಳುವ ಮಾಲ್ಯವಂತ, ಅದರ ಮೇಲೆ ರಘುನಾಥನ ದೇವಾಲಯ. ಶಬರಿಯ ಆಶ್ರಮವನ್ನು ಬೇರೆ ಪ್ರಾಂತಗಳವರೂ ತಮ್ಮಲ್ಲಿದೆಯೆಂದು ಹೇಳಿಕೊಳ್ಳುವುದುಂಟು. ಛತ್ತೀಸಗಢದ ಶಿವರೀನಾರಾಯಣ, ಕೇರಳದ ಶಬರಿಮಲೆ ಇವುಗಳ ಹೆಸರೇ ಸಾಕ್ಷಿ. ಈ ವಿವಾದವನ್ನು ಇಲ್ಲಿ ತೀರಿಸುವುದು ಉದ್ದೇಶವಲ್ಲ. ಮಾಲ್ಯವಂತದಿಂದ ಸರೋವರದವರೆಗಿನ ದೂರವು ಕೆಲವೇ ಮೈಲಿಗಳೆಂಬುದನ್ನು ಮಾತ್ರ, ಅಲ್ಲಿ ನಿಂತು ಕಿಷ್ಕಿಂಧಾಕಾಂಡವನ್ನು ಓದುವವರು ನೆನಪಿಡುವುದು ಒಳ್ಳೆಯದು.

ಕಡೆಯದಾಗಿ ಒಂದು ಸಂಗತಿ ಉಳಿಯಿತು. ರಾಮನ ದರ್ಶನವಾದಮೇಲೆ ಶಬರಿಯು ಅವನಲ್ಲಿ ಬೇಡಿದ್ದೇನು? ಸದಾ ನಿನ್ನ ಸನ್ನಿಧಿಯಲ್ಲಿರಬೇಕೆಂದಲ್ಲ. ಈ ಆಶ್ರಮವು ಯಾರದೋ, ತಾನು ಯಾರ ಪರಿಚಾರಿಕೆಯೋ, ಆ ಮುನಿಗಳ ಬಳಿಗೆ ಹೋಗಲು ಅಪ್ಪಣೆಯಾಗಬೇಕೆಂದು ಬೇಡಿದಳು. ಅನಂತರದ ಭಕ್ತಿಕಾವ್ಯಗಳ ದೃಷ್ಟಿಯಿಂದ ನೋಡಿದರೆ ಇದು ವಿಚಿತ್ರವಾದ ಬೇಡಿಕೆ. ದೇವರು ಎದುರಿಗಿರುವಾಗ ಗುರುಗಳನ್ನು ನೆನೆಯುವುದೆ? ಆದರೆ ವಾಲ್ಮೀಕಿಯಲ್ಲಿ ಇದು ಪೂರ್ಣವಾಗಿ ಸಂಗತವಾಗಿದೆ. ರಾಮನು ಬರುವನೆಂದು ಅವಳು ನಂಬಿದ್ದು ಗುರುಗಳು ಹೇಳಿದ್ದರಿಂದ. ಅವನನ್ನು ಅತಿಥಿಯಾಗಿ ಬರಮಾಡಿಕೊಂಡದ್ದು ಗುರುಗಳು ವಹಿಸಿಹೋದ ಕೆಲಸವಾದ್ದರಿಂದ. ಕೆಲಸವು ಮುಗಿಯಿತು. ರಾಮನು ಮುಗುಳ್ನಗುತ್ತ ಅವಳಿಗೆ, ನೀನು ನನ್ನನ್ನು ಅರ್ಚಿಸಿದೆ, ಇನ್ನು ಸುಖವಾಗಿ ಬಯಸಿದಲ್ಲಿಗೆ ಹೋಗು ಎಂದನು. ಜಟೆಯನ್ನೂ ನಾರುಬಟ್ಟೆ ಕೃಷ್ಣಾಜಿನಗಳನ್ನೂ ಧರಿಸಿದ್ದ ಆ ಮುದುಕಿಯು ಅಗ್ನಿಯಲ್ಲಿ ತನ್ನನ್ನು ಆಹುತಿಮಾಡಿ, ಆ ಮಹರ್ಷಿಗಳು ಇರುವ ಸ್ಥಾನಕ್ಕೇ ಹೋದಳೆಂದು ಹೇಳಿ ಕವಿಯು ಸರ್ಗವನ್ನು ಮುಗಿಸುತ್ತಾನೆ.